ಪ್ರೋಟೀನ್ ಕಟ್ಟದ ಜೀನುಗಳ ಕಾರುಬಾರು

ಸ್ಪೇನ್ ದೇಶದ ಎರಡು ಕುಟುಂಬಗಳಲ್ಲಿ ಕಿವುಡುತನ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತಿತ್ತು. ಮಾತು ಕಲಿಯುವ ವಯಸ್ಸಿನಲ್ಲಿ ಕಿವಿ ಕೇಳಿಸುತ್ತಿದ್ದವರಿಗೆ ಆಮೇಲೆ ವರ್ಷ ಕಳೆದಂತೆಲ್ಲ ಮಂದವಾಗುತ್ತ ಹೋಗುತ್ತಿತ್ತು. ಅದರ ಕಾರಣ ಸಿಕ್ಕಿದ್ದು 2009ರಲ್ಲಿ. ಒಂದು ಕುಟುಂಬದವರ ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಇನ್ನೊಂದು ಕುಟುಂಬದವರಲ್ಲಿ ಅದರ ಪಕ್ಕದ ಅಕ್ಷರ. ಆ ಅಕ್ಷರಗಳಿದ್ದ ಜಾಗವೇ ಸಂಶೋಧಕರ ಗಮನ ಸೆಳೆಯಿತು. ಅಲ್ಲಿರುವ ಜೀನಿನಿಂದ ಯಾವ ಪ್ರೋಟೀನೂ ತಯಾರಾಗುವುದಿಲ್ಲ. ಅದರಿಂದ ಹೊರಬರುವುದು ಇಪ್ಪತ್ತು ಚಿಲ್ಲರೆ ಅಕ್ಷರಗಳ ಒಂದು ಆರ್‌ಎನ್‌ಎ ತುಣುಕು ಮಾತ್ರ. ಅದರ ಹೆಸರು ಮಿರ್-96.

ಅದೇ ವರ್ಷ ಕಿವುಡು ಇಲಿಗಳ ಒಂದು ತಳಿಯಲ್ಲೂ ಇದೇ ಜೀನಿನಲ್ಲಿ ದೋಷ ಕಂಡುಬಂತು. ಒಳಕಿವಿಯಲ್ಲಿ ಶಬ್ದದ ಕಂಪನವನ್ನು ಹಿಡಿಯುವ ಸೂಕ್ಷ್ಮ ಕೂದಲುಕೋಶಗಳಿವೆ. ಅವು ಸರಿಯಾಗಿ ಬೆಳೆದು ಬಾಳಬೇಕಾದರೆ ನೂರಾರು ಜೀನುಗಳು ಹದವಾದ ಪ್ರಮಾಣದಲ್ಲಿ ಕೆಲಸ ಮಾಡಬೇಕು. ಆ ಹದ ಕಾಯುವವರಲ್ಲಿ ಮಿರ್-96 ಒಂದು. ಅದರಲ್ಲಿ ಒಂದಕ್ಷರ ತಪ್ಪಿದರೆ ಕಿವಿಯೇ ಹೋಗುತ್ತದೆ.

ಶಾಲೆಯ ಜೀವಶಾಸ್ತ್ರದಲ್ಲಿ ಕಲಿತ ಪಾಠಕ್ಕೆ ಈ ಘಟನೆ ಹೊಂದುವುದಿಲ್ಲ. ಡಿಎನ್‌ಎಯಲ್ಲಿ ಸೂಚನೆ ಇರುತ್ತದೆ, ಅದು ಆರ್‌ಎನ್‌ಎಗೆ ನಕಲಾಗುತ್ತದೆ, ಆರ್‌ಎನ್‌ಎಯನ್ನು ಓದಿ ಜೀವಕೋಶ ಪ್ರೋಟೀನ್ ಕಟ್ಟುತ್ತದೆ, ಆ ಪ್ರೋಟೀನ್ ದೇಹದ ಕೆಲಸ ಮಾಡುತ್ತದೆ. ಪಾಠ ಇಷ್ಟು. ಇದರಲ್ಲಿ ಆರ್‌ಎನ್‌ಎಯದು ಸಂದೇಶ ಒಯ್ಯುವ ಕೆಲಸ ಮಾತ್ರ. ಪ್ರೋಟೀನ್ ಕಟ್ಟುವ ಯಂತ್ರದಲ್ಲೇ ಭಾಗವಾಗಿರುವ ಕೆಲವು ಆರ್‌ಎನ್‌ಎಗಳು 1950ರ ದಶಕದಿಂದಲೂ ಗೊತ್ತಿದ್ದವು. ಆದರೆ ಬೇರೆ ಜೀನುಗಳ ಮೇಲೆ ಹಿಡಿತವಿಟ್ಟುಕೊಂಡ ಆರ್‌ಎನ್‌ಎಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಇದ್ದಾವು ಎಂದು ಯಾರೂ ಊಹಿಸಿರಲಿಲ್ಲ.

ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಪ್ರೋಟೀನ್ ಕಟ್ಟುವ ಸೂಚನೆ ಇರುವುದು ಅದರಲ್ಲಿ ಶೇ 2ಕ್ಕಿಂತ ಕಡಿಮೆ ಭಾಗದಲ್ಲಿ. ಉಳಿದದ್ದರ ಬಹುಪಾಲನ್ನು 'ಕಸ' ಎಂದು ಕರೆಯುವ ರೂಢಿ 1972ರಲ್ಲಿ ಸುಸುಮು ಓನೋ ಅವರ ಬರಹದಿಂದ ಬಲವಾಯಿತು. ಮಾನವ ಜೀನೋಮ್ ಯೋಜನೆ ಮುಗಿದಾಗ ಇನ್ನೊಂದು ಅಚ್ಚರಿ ಕಾದಿತ್ತು. ನಮ್ಮಲ್ಲಿರುವ ಪ್ರೋಟೀನ್ ಜೀನುಗಳು ಸುಮಾರು 20,000. ಮಣ್ಣಿನಲ್ಲಿ ಬದುಕುವ ಒಂದು ಮಿಲಿಮೀಟರ್ ಉದ್ದದ ಸಿ. ಎಲೆಗನ್ಸ್ ಎಂಬ ದುಂಡುಹುಳುವಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಸಂತಾನಕೋಶಗಳನ್ನು ಬಿಟ್ಟರೆ ಆ ಹುಳುವಿನ ಇಡೀ ಮೈಯಲ್ಲಿ ಇರುವುದು 959 ಜೀವಕೋಶ! ಹಾಗಾದರೆ ಮಿದುಳು, ಹೃದಯ, ಮೂತ್ರಪಿಂಡಗಳಿರುವ ಮನುಷ್ಯದೇಹ ಅಷ್ಟೇ ಜೀನುಗಳಿಂದ ಹೇಗೆ ರೂಪುಗೊಳ್ಳುತ್ತದೆ? ಎಷ್ಟು ಜೀನುಗಳಿವೆ ಎಂಬುದಕ್ಕಿಂತ ಯಾವ ಜೀನು, ಯಾವ ಕೋಶದಲ್ಲಿ, ಎಷ್ಟು ಹೊತ್ತು, ಎಷ್ಟರಮಟ್ಟಿಗೆ ಕೆಲಸ ಮಾಡುತ್ತದೆ ಎಂಬುದು ಮುಖ್ಯ. ಇದನ್ನು ತೀರ್ಮಾನಿಸುವವುಗಳಲ್ಲಿ ಪ್ರೋಟೀನ್ ಕಟ್ಟದ ಆರ್‌ಎನ್‌ಎಗಳೂ ಸೇರಿವೆ.

ಈ ಅರಿವು ಮೊದಲು ಬಂದದ್ದು ಅದೇ ಹುಳುವಿನಿಂದ. 1980ರ ದಶಕದಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಇಬ್ಬರೂ ಅಮೆರಿಕದ ರಾಬರ್ಟ್ ಹಾರ್ವಿಟ್ಜ್ ಅವರ ಪ್ರಯೋಗಾಲಯದಲ್ಲಿದ್ದರು. ಲಿನ್-4 ಎಂಬ ಜೀನು ಕೆಟ್ಟ ಹುಳುಗಳು ಬೆಳವಣಿಗೆಯ ಮುಂದಿನ ಹಂತಕ್ಕೆ ಹೋಗದೆ ಎಳೆಯ ಹಂತವನ್ನೇ ಮತ್ತೆ ಮತ್ತೆ ಹಾಯುತ್ತಿದ್ದವು. ಮೊಟ್ಟೆ ಇಡುವ ಅಂಗವೇ ಅವುಗಳಲ್ಲಿ ಮೂಡುತ್ತಿರಲಿಲ್ಲ. ಲಿನ್-4 ಇನ್ನೊಂದು ಜೀನಾದ ಲಿನ್-14ಅನ್ನು ಅಡಗಿಸುತ್ತದೆ ಎಂಬುದು ಗೊತ್ತಾಯಿತು. ಹೇಗೆ ಎಂಬುದು ತಿಳಿಯಲಿಲ್ಲ. ಮುಂದೆ ಇಬ್ಬರೂ ತಮ್ಮ ತಮ್ಮ ಪ್ರಯೋಗಾಲಯ ಕಟ್ಟಿಕೊಂಡು ಒಬ್ಬೊಬ್ಬರು ಒಂದೊಂದು ಜೀನನ್ನು ಬೆನ್ನು ಹತ್ತಿದರು.

ಆಂಬ್ರೋಸ್ ಅವರ ತಂಡದ ರೋಸಲಿಂಡ್ ಲೀ ಮತ್ತು ರೋಂಡಾ ಫೈನ್‌ಬಾಮ್ ಲಿನ್-4ರ ಪ್ರೋಟೀನಿಗಾಗಿ ಹುಡುಕಿದರೆ ಸಿಕ್ಕಿದ್ದು 22 ಅಕ್ಷರಗಳ ಆರ್‌ಎನ್‌ಎ. ಅತ್ತ ರವ್‌ಕುನ್ ಅವರ ತಂಡ ಲಿನ್-14ರ ಸಂದೇಶದ ಬಾಲದಲ್ಲಿ ಪದೇ ಪದೇ ಬರುವ ಕೆಲವು ಸಾಲುಗಳನ್ನು ಗುರುತಿಸಿತ್ತು. 1992ರಲ್ಲಿ ಇಬ್ಬರೂ ತಮ್ಮ ಅಕ್ಷರಸಾಲುಗಳನ್ನು ಹಂಚಿಕೊಂಡು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಒಂದರ ಅಕ್ಷರಗಳು ಇನ್ನೊಂದರ ಅಕ್ಷರಗಳಿಗೆ ಜೋಡಿಯಾಗಿ ಕೂಡುವಂತಿದ್ದವು. ಚಿಕ್ಕ ಆರ್‌ಎನ್‌ಎ ಹೋಗಿ ದೊಡ್ಡ ಸಂದೇಶದ ಬಾಲಕ್ಕೆ ಅಂಟಿಕೊಂಡು, ಅದರಿಂದ ಪ್ರೋಟೀನ್ ಆಗದಂತೆ ತಡೆಯುತ್ತಿತ್ತು.

1993ರ ಡಿಸೆಂಬರಿನಲ್ಲಿ ಎರಡು ಪ್ರಬಂಧಗಳೂ 'ಸೆಲ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟವಾದವು. ಹೆಚ್ಚಿನವರು ಅದನ್ನು ಹುಳುವಿಗೆ ಮಾತ್ರ ಸಂಬಂಧಿಸಿದ ವಿಚಿತ್ರವೆಂದು ಬದಿಗಿಟ್ಟರು. 2000ದಲ್ಲಿ ರವ್‌ಕುನ್ ತಂಡ ಲೆಟ್-7 ಎಂಬ ಎರಡನೆಯ ತುಣುಕನ್ನು ಕಂಡುಹಿಡಿದಾಗ ಆ ಅಭಿಪ್ರಾಯ ನಿಲ್ಲಲಿಲ್ಲ. ಲೆಟ್-7 ನೊಣದಲ್ಲಿತ್ತು, ಮೀನಿನಲ್ಲಿತ್ತು, ಮನುಷ್ಯನಲ್ಲೂ ಇತ್ತು. ಕೋಟ್ಯಂತರ ವರ್ಷಗಳ ವಿಕಾಸದಲ್ಲಿ ಅದರ ಒಂದಕ್ಷರವೂ ಕದಲಿರಲಿಲ್ಲ. ಮೈಕ್ರೋ ಆರ್‌ಎನ್‌ಎ ಎಂದು ಕರೆಯಲಾಗುವ ಇಂಥ ತುಣುಕುಗಳು ಈಗ ಮನುಷ್ಯನಲ್ಲೇ ನೂರಾರು ಸಿಕ್ಕಿವೆ. ಆಂಬ್ರೋಸ್ ಮತ್ತು ರವ್‌ಕುನ್ ಅವರಿಗೆ 2024ರ ವೈದ್ಯಕೀಯ ನೊಬೆಲ್ ಸಂದಿತು.

ಮೈಕ್ರೋ ಆರ್‌ಎನ್‌ಎ ಹುಟ್ಟುವುದು ಉದ್ದನೆಯ ಎಳೆಯಾಗಿ. ಆ ಎಳೆ ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ. ಕೋಶಕೇಂದ್ರದೊಳಗೆ ಡ್ರೋಷಾ ಎಂಬ ಕಿಣ್ವ ಅದನ್ನು ಕತ್ತರಿಸುತ್ತದೆ. ಹೊರಗೆ ಬಂದ ಮೇಲೆ ಡೈಸರ್ ಎಂಬ ಇನ್ನೊಂದು ಕಿಣ್ವ ಮತ್ತೆ ಕತ್ತರಿಸಿ ಸುಮಾರು 22 ಅಕ್ಷರಕ್ಕೆ ಇಳಿಸುತ್ತದೆ. ಆ ಪುಟ್ಟ ತುಣುಕನ್ನು ಆರ್ಗೊನಾಟ್ ಎಂಬ ಪ್ರೋಟೀನ್ ಹಿಡಿದುಕೊಂಡು, ಅದಕ್ಕೆ ಹೊಂದುವ ಸಂದೇಶಗಳನ್ನು ಹುಡುಕುತ್ತ ಹೊರಡುತ್ತದೆ. ಹೊಂದಾಣಿಕೆಗೆ ಮುಖ್ಯವಾಗಿ ಬೇಕಾದದ್ದು ತುಣುಕಿನ ಆರಂಭದ ಏಳೆಂಟು ಅಕ್ಷರ. ಸ್ಪೇನಿನ ಕುಟುಂಬಗಳಲ್ಲಿ ತಪ್ಪಿದ್ದು ಆ ಏಳೆಂಟರಲ್ಲೇ. ಬೇಕಾದುದು ಅಷ್ಟು ಕಡಿಮೆ ಆದ್ದರಿಂದ ಒಂದು ಮೈಕ್ರೋ ಆರ್‌ಎನ್‌ಎ ನೂರಾರು ಸಂದೇಶಗಳಿಗೆ ಅಂಟಿಕೊಳ್ಳಬಲ್ಲದು. ನಮ್ಮ ಪ್ರೋಟೀನ್ ಜೀನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವುಗಳ ಹಿಡಿತದಲ್ಲಿವೆ ಎಂಬುದು ವಿಜ್ಞಾನಿಗಳ ಅಂದಾಜು. ಇವು ಜೀನುಗಳನ್ನು ಪೂರ್ತಿ ಆರಿಸುವುದು ಅಪರೂಪ. ಫ್ಯಾನಿನ ರೆಗ್ಯುಲೇಟರ್ ಹಾಗೆ ವೇಗವನ್ನು ಒಂದೆರಡು ಮೆಟ್ಟಿಲು ಇಳಿಸುತ್ತವೆ. ದೇಹಕ್ಕೆ ಆ ಒಂದೆರಡು ಮೆಟ್ಟಿಲಿನ ಬೆಲೆ ಎಷ್ಟೆಂದು ರೋಗಗಳು ತೋರಿಸಿಕೊಟ್ಟಿವೆ.

ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯಾ ಸಾಮಾನ್ಯವಾಗಿ ವಯಸ್ಸಾದವರಲ್ಲಿ ಕಾಣುವ ರಕ್ತದ ಕ್ಯಾನ್ಸರ್. ಅರ್ಧಕ್ಕಿಂತ ಹೆಚ್ಚು ರೋಗಿಗಳ ಕ್ಯಾನ್ಸರ್ ಕೋಶಗಳಲ್ಲಿ 13ನೇ ವರ್ಣತಂತುವಿನ ಒಂದು ತುಂಡು ಕಾಣೆಯಾಗಿರುತ್ತದೆ. ಕ್ಯಾನ್ಸರ್ ತಡೆಯುವ ಯಾವುದೋ ಪ್ರೋಟೀನ್ ಜೀನು ಅಲ್ಲಿರಬೇಕೆಂದು ಅನೇಕ ತಂಡಗಳು ವರ್ಷಗಟ್ಟಲೆ ಹುಡುಕಿದ್ದವು. 2002ರಲ್ಲಿ ಕಾರ್ಲೊ ಕ್ರೋಚೆ ಮತ್ತು ಜಾರ್ಜ್ ಕ್ಯಾಲಿನ್ ಅವರ ತಂಡಕ್ಕೆ ಅಲ್ಲಿ ಸಿಕ್ಕಿದ್ದು ಎರಡು ಮೈಕ್ರೋ ಆರ್‌ಎನ್‌ಎಗಳು: ಮಿರ್-15 ಮತ್ತು ಮಿರ್-16. ಕ್ಯಾನ್ಸರಿಗೂ ಮೈಕ್ರೋ ಆರ್‌ಎನ್‌ಎಗೂ ನಂಟು ಇದೆ ಎಂಬುದಕ್ಕೆ ಸಿಕ್ಕ ಮೊದಲ ಪುರಾವೆ ಅದು. ಅವು ಬಿಸಿಎಲ್2 ಎಂಬ ಪ್ರೋಟೀನನ್ನು ಹದ್ದಿನಲ್ಲಿಡುತ್ತವೆ ಎಂದು 2005ರಲ್ಲಿ ತಿಳಿಯಿತು. ಬಿಸಿಎಲ್2 ಇದ್ದಷ್ಟು ಕಾಲ ಕೋಶ ಸಾಯುವುದಿಲ್ಲ. ತಡೆಯುವ ಮೈಕ್ರೋ ಆರ್‌ಎನ್‌ಎ ಇಲ್ಲವಾದಾಗ ಅದು ಮಿತಿಮೀರಿ ಹೆಚ್ಚುತ್ತದೆ, ಸಾಯಬೇಕಾದ ರಕ್ತಕೋಶಗಳು ಸಾಯದೆ ರಾಶಿಬೀಳುತ್ತವೆ. 2016ರಲ್ಲಿ ಅಮೆರಿಕದಲ್ಲಿ ಮಂಜೂರಾಗಿ ಈ ರೋಗದ ಚಿಕಿತ್ಸೆಯನ್ನೇ ಬದಲಿಸಿದ ವೆನೆಟೋಕ್ಲಾಕ್ಸ್ ಮಾತ್ರೆ ಕಟ್ಟಿಹಾಕುವುದೂ ಇದೇ ಬಿಸಿಎಲ್2ಅನ್ನು.

ಮೈಕ್ರೋ ಆರ್‌ಎನ್‌ಎಯನ್ನು ವೈರಸ್ಸೂ ತನ್ನ ಕಡೆಗೆ ತಿರುಗಿಸಿಕೊಳ್ಳಬಲ್ಲದು. ಯಕೃತ್ತಿನ ಕೋಶಗಳಲ್ಲಿ ಮಿರ್-122 ಹೇರಳವಾಗಿದೆ. ಬೇರೆ ಅಂಗಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹೆಪಟೈಟಿಸ್ ಸಿ ವೈರಸ್ ತನ್ನ ಆರ್‌ಎನ್‌ಎಯ ತುದಿಗೆ ಈ ಮಿರ್-122ಅನ್ನು ಅಂಟಿಸಿಕೊಂಡು, ಕೋಶದ ಕಿಣ್ವಗಳು ತನ್ನನ್ನು ಕಡಿದುಹಾಕದಂತೆ ನೋಡಿಕೊಳ್ಳುತ್ತದೆ. ಅದಿಲ್ಲದೆ ವೈರಸ್ ಸರಿಯಾಗಿ ಹೆಚ್ಚಲಾರದು ಎಂದು ಸ್ಟಾನ್‌ಫರ್ಡಿನ ಪೀಟರ್ ಸಾರ್ನೊ ತಂಡ 2005ರಲ್ಲಿ ತೋರಿಸಿತು. ಮಿರ್-122ಅನ್ನು ಹಿಡಿದು ಕಟ್ಟುವ ಮಿರಾವಿರ್ಸನ್ ಎಂಬ ಚುಚ್ಚುಮದ್ದನ್ನು ರೋಗಿಗಳಿಗೆ ಕೊಟ್ಟಾಗ ರಕ್ತದಲ್ಲಿ ವೈರಸ್ ಕಡಿಮೆಯಾದದ್ದು 2013ರಲ್ಲಿ ವರದಿಯಾಯಿತು. ಅದೇ ಹೊತ್ತಿಗೆ ವೈರಸ್ಸನ್ನೇ ನೇರವಾಗಿ ಹೊಡೆಯುವ ಮಾತ್ರೆಗಳು ಬಂದು ರೋಗವನ್ನು ಗುಣಪಡಿಸತೊಡಗಿದ್ದರಿಂದ ಮಿರಾವಿರ್ಸನ್ ಹಿಂದೆ ಬಿತ್ತು.

ನಿಯಂತ್ರಣದ ಕೆಲಸ ಮಾಡುವ ಆರ್‌ಎನ್‌ಎಗಳೆಲ್ಲ ಚಿಕ್ಕವಲ್ಲ. 200ಕ್ಕಿಂತ ಹೆಚ್ಚು ಅಕ್ಷರಗಳಿದ್ದರೆ ಅವುಗಳನ್ನು ಉದ್ದ ಆರ್‌ಎನ್‌ಎ ಎನ್ನುತ್ತಾರೆ. ಅವುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಎಕ್ಸಿಸ್ಟ್. ಅದರ ಉದ್ದ ಸುಮಾರು 17,000 ಅಕ್ಷರ.

ಹೆಣ್ಣಿನ ಪ್ರತಿ ಕೋಶದಲ್ಲಿ ಎರಡು ಎಕ್ಸ್ ವರ್ಣತಂತುಗಳಿವೆ, ಗಂಡಿನಲ್ಲಿ ಒಂದೇ. ಎರಡೂ ಪೂರ್ತಿ ಕೆಲಸ ಮಾಡಿದರೆ ಭ್ರೂಣ ಉಳಿಯುವುದಿಲ್ಲ. ಆದ್ದರಿಂದ ಭ್ರೂಣ ಇನ್ನೂ ಕೆಲವೇ ಕೋಶಗಳ ಗುಂಪಾಗಿರುವಾಗಲೇ ಒಂದೊಂದು ಕೋಶದಲ್ಲೂ ಒಂದು ಎಕ್ಸ್ ಮೌನವಾಗುತ್ತದೆ ಎಂದು ಬ್ರಿಟನ್ನಿನ ಮೇರಿ ಲಯನ್ 1961ರಲ್ಲಿ ಪ್ರತಿಪಾದಿಸಿದರು. ಕಪ್ಪು, ಕಿತ್ತಳೆ ಮಚ್ಚೆಗಳು ಬೆರೆತ ಬೆಕ್ಕು ಬಹುಮಟ್ಟಿಗೆ ಹೆಣ್ಣೇ ಆಗಿರುವುದು ಈ ಕಾರಣಕ್ಕೆ: ಮೈಯ ಒಂದು ಭಾಗದಲ್ಲಿ ಒಂದು ಎಕ್ಸ್ ಎಚ್ಚರವಾಗಿದ್ದರೆ ಇನ್ನೊಂದು ಭಾಗದಲ್ಲಿ ಇನ್ನೊಂದು. ಮೌನವಾಗಿಸುವುದು ಯಾವುದು ಎಂಬುದು 1991ರಲ್ಲಿ ತಿಳಿಯತೊಡಗಿತು. ಮೌನವಾಗಬೇಕಾದ ಎಕ್ಸ್ ತಾನೇ ಎಕ್ಸಿಸ್ಟ್ ಆರ್‌ಎನ್‌ಎಯನ್ನು ಹೊರಡಿಸುತ್ತದೆ. ಅದು ಆ ವರ್ಣತಂತುವಿನ ಉದ್ದಕ್ಕೂ ಹರಡಿ, ಹತ್ತಾರು ಪ್ರೋಟೀನುಗಳನ್ನು ಕರೆತಂದು, ಜೀನುಗಳ ಬಾಗಿಲು ಮುಚ್ಚಿಸುತ್ತದೆ.

ಇದಕ್ಕೆ ವೈದ್ಯಕೀಯದಲ್ಲೂ ದೊಡ್ಡ ಮಹತ್ವವಿದೆ. ದೇಹ ತನ್ನ ಮೇಲೆ ತಾನೇ ದಾಳಿ ಮಾಡುವ ಲೂಪಸ್‌ನಂಥ ಸ್ವಯಂರೋಧಕ ಕಾಯಿಲೆ ಇರುವವರಲ್ಲಿ ಐವರಲ್ಲಿ ನಾಲ್ವರು ಹೆಂಗಸರು. 2024ರಲ್ಲಿ ಸ್ಟಾನ್‌ಫರ್ಡಿನ ಹೊವಾರ್ಡ್ ಚಾಂಗ್ ತಂಡ ಗಂಡಿಲಿಗಳಲ್ಲಿ ಎಕ್ಸಿಸ್ಟ್ ತಯಾರಾಗುವಂತೆ ಮಾಡಿತು. ರೋಗಕ್ಕೆ ಒಲವಿರುವ ತಳಿಯಲ್ಲಿ ರೋಗ ಕೆರಳಿಸುವ ರಾಸಾಯನಿಕ ಕೊಟ್ಟಾಗ, ಆ ಗಂಡಿಲಿಗಳಿಗೂ ಹೆಣ್ಣಿಲಿಗಳಷ್ಟೇ ತೀವ್ರವಾಗಿ ಲೂಪಸ್‌ನಂಥ ಕಾಯಿಲೆ ಬಂತು. ಎಕ್ಸಿಸ್ಟ್ ತನ್ನ ಸುತ್ತ ಕೂಡಿಸಿಕೊಂಡ ಪ್ರೋಟೀನುಗಳನ್ನೇ ರೋಗನಿರೋಧಕ ವ್ಯವಸ್ಥೆ ಹಗೆಯೆಂದು ಭಾವಿಸಬಲ್ಲದು ಎಂಬುದು ಅವರ ವಾದ. ಲೂಪಸ್‌ಗೆ ಹೆಣ್ಣಿನ ಹಾರ್ಮೋನುಗಳೇ ಕಾರಣವೆಂದು ದಶಕಗಳ ಕಾಲ ನಂಬಿ ಬಂದಿದ್ದವರು ಈಗ ಈ ಆರ್‌ಎನ್‌ಎಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ.

ಈ ವಿಜ್ಞಾನದಲ್ಲಿ ಬೆಂಗಳೂರಿನ ಪಾಲೂ ಇದೆ. ಪ್ರೊ. ಎಂ.ಆರ್.ಎಸ್. ರಾವ್ ಅವರ ತಂಡ ಇಲಿಯ ವರ್ಣತಂತುವಿನ ಒಂದು ಭಾಗವನ್ನು ಪರಿಶೀಲಿಸುವಾಗ 2,400 ಅಕ್ಷರಗಳ ಒಂದು ಆರ್‌ಎನ್‌ಎಯನ್ನು ಗುರುತಿಸಿ 2004ರಲ್ಲಿ ಪ್ರಕಟಿಸಿತು. ಅದರಿಂದ ಪ್ರೋಟೀನ್ ಆಗುವುದಿಲ್ಲ. ಅದು ಕೋಶಕೇಂದ್ರವನ್ನು ಬಿಟ್ಟು ಹೊರಗೂ ಬರುವುದಿಲ್ಲ. ಭಾರತದಲ್ಲಿ ಈ ಕ್ಷೇತ್ರಕ್ಕೆ ಕೈಹಾಕಿದವರು ಬೆರಳೆಣಿಕೆಯಷ್ಟಿದ್ದ ಕಾಲ ಅದು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅವರು ಮತ್ತು ಅವರ ವಿದ್ಯಾರ್ಥಿಗಳು ಈ 'ಎಂಆರ್‌ಎಚ್‌ಎಲ್' ಆರ್‌ಎನ್‌ಎಯ ಜಾಡು ಬಿಡದೆ ಹಿಡಿದರು. ವೀರ್ಯಾಣುವಿನ ಮೂಲಕೋಶಗಳಲ್ಲಿ ಅದು ಪಿ68 ಎಂಬ ಪ್ರೋಟೀನಿನ ಜತೆ ಸೇರಿ 'ವಿಂಟ್' ಎಂಬ ಸಂಕೇತಜಾಲವನ್ನು ಅದುಮಿಡುತ್ತದೆ, ಅದರ ಪ್ರಮಾಣ ಇಳಿದಾಗ ಕೋಶ ವೀರ್ಯಾಣುವಾಗುವ ಹಾದಿ ಹಿಡಿಯುತ್ತದೆ ಎಂದು ತೋರಿಸಿದರು. ರಾವ್ 2023ರ ಆಗಸ್ಟಿನಲ್ಲಿ ತೀರಿಕೊಂಡರು. ಅಪರಿಚಿತ ಆರ್‌ಎನ್‌ಎಯೊಂದರ ಕೆಲಸ ಅರಿಯಲು ಎಷ್ಟು ತಾಳ್ಮೆ ಬೇಕು ಎಂಬುದಕ್ಕೆ ಅವರ ತಂಡದ ಸುದೀರ್ಘ ದುಡಿಮೆ ಒಳ್ಳೆಯ ಉದಾಹರಣೆ.

ಆ ತಾಳ್ಮೆ ಈಗ ಇನ್ನೂ ಹೆಚ್ಚು ಬೇಕು. ನಮ್ಮ ಡಿಎನ್‌ಎಯ ಶೇ 80ರಷ್ಟು ಭಾಗದಲ್ಲಿ ಯಾವುದಾದರೊಂದು ಜೈವಿಕ ಚಟುವಟಿಕೆ ಇದೆ ಎಂದು 2012ರಲ್ಲಿ 'ಎನ್‌ಕೋಡ್' ಎಂಬ ಅಂತರರಾಷ್ಟ್ರೀಯ ಯೋಜನೆ ಸಾರಿತು. 'ಕಸ' ಎಂಬ ಮಾತಿನ ಕಾಲ ಮುಗಿಯಿತು ಎಂದು ಪತ್ರಿಕೆಗಳು ಬರೆದವು. ವಿಕಾಸಶಾಸ್ತ್ರದ ತಜ್ಞರು ಒಪ್ಪಲಿಲ್ಲ. ಡಿಎನ್‌ಎಯಿಂದ ಆರ್‌ಎನ್‌ಎ ನಕಲಾಯಿತು ಎಂದಮಾತ್ರಕ್ಕೆ ಆ ಆರ್‌ಎನ್‌ಎಗೆ ಕೆಲಸವಿದೆ ಎಂದಾಗುವುದಿಲ್ಲ ಎಂಬ ಅವರ ಆಕ್ಷೇಪ ನ್ಯಾಯವಾದದ್ದೇ. ಸಾವಿರಾರು ಉದ್ದ ಆರ್‌ಎನ್‌ಎಗಳು ಪಟ್ಟಿಯಾಗಿವೆ. ಪ್ರಯೋಗದಿಂದ ಕೆಲಸ ಸಿದ್ಧವಾಗಿರುವುದು ಅವುಗಳಲ್ಲಿ ಸಣ್ಣ ಪಾಲಿನದು ಮಾತ್ರ. ಯಾವುದಕ್ಕೆ ಕೆಲಸವಿದೆ, ಯಾವುದಕ್ಕಿಲ್ಲ ಎಂದು ಒಂದೊಂದಾಗಿ ಪರೀಕ್ಷಿಸದೆ ಬೇರೆ ದಾರಿಯಿಲ್ಲ.

ಪರೀಕ್ಷಿಸದೆ ಬಿಟ್ಟದ್ದರ ಬೆಲೆಯನ್ನು ತೆತ್ತವರು ರೋಗಿಗಳ ಮನೆಯವರು. ಮಗುವಿನ ಬೆಳವಣಿಗೆ ಕುಂಠಿತವಾಗಿದೆ, ಮಾತು ಬರುತ್ತಿಲ್ಲ, ಫಿಟ್ಸ್ ಬರುತ್ತಿದೆ ಎಂದಾಗ ವೈದ್ಯರು ಹೆಚ್ಚಾಗಿ ಬರೆದುಕೊಡುವುದು ಎಕ್ಸೋಮ್ ಪರೀಕ್ಷೆ. ಅದು ಓದುವುದು ಪ್ರೋಟೀನ್ ಕಟ್ಟುವ ಶೇ 2ರೊಳಗಿನ ಭಾಗವನ್ನು. ಫಲಿತಾಂಶದಲ್ಲಿ ಏನೂ ಕಾಣದಿದ್ದರೆ ಹೆತ್ತವರು ಉತ್ತರವಿಲ್ಲದೆ ಮನೆಗೆ ಮರಳುತ್ತಾರೆ. 2024ರಲ್ಲಿ ಬ್ರಿಟನ್ನಿನ ಸಂಶೋಧಕರು ಇಂಥ ಮಕ್ಕಳ ಪೂರ್ತಿ ಡಿಎನ್‌ಎ ಓದಿದ ದಾಖಲೆಗಳನ್ನು ಜಾಲಾಡಿದರು. ಆರ್‌ಎನ್‌ಯು4-2 ಎಂಬ, ಬರೀ 141 ಅಕ್ಷರಗಳ ಜೀನಿನಲ್ಲಿ ತಪ್ಪು ಸಿಕ್ಕಿತು. ಇದೂ ಪ್ರೋಟೀನ್ ಕಟ್ಟುವುದಿಲ್ಲ. ಬೇರೆ ಜೀನುಗಳ ಸಂದೇಶವನ್ನು ಕತ್ತರಿಸಿ ಜೋಡಿಸುವ ಯಂತ್ರದ ಒಂದು ಭಾಗವಾಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ಆಗಿದ್ದದ್ದು ಒಂದಕ್ಷರ ಹೆಚ್ಚಾಗಿ ಸೇರಿಕೊಂಡದ್ದು, ಅಷ್ಟೇ. ನರಬೆಳವಣಿಗೆಯ ದೋಷವಿರುವ ಪ್ರತಿ ಸಾವಿರ ಜನರಲ್ಲಿ ಸುಮಾರು ನಾಲ್ವರಿಗೆ ಇದೇ ಕಾರಣ ಎಂಬುದು ಅವರ ಲೆಕ್ಕ. ಇಷ್ಟು ಸಾಮಾನ್ಯವಾದ ಕಾರಣವೊಂದು 2024ರವರೆಗೆ ಕಣ್ಣು ತಪ್ಪಿಸಿಕೊಂಡಿತ್ತು, ಏಕೆಂದರೆ ಅದು ಇದ್ದ ಜಾಗವನ್ನು ಸಾಮಾನ್ಯ ಪರೀಕ್ಷೆ ಓದುತ್ತಲೇ ಇರಲಿಲ್ಲ. ಅದೇ ವರ್ಷ ಚೇಸರ್ ಎಂಬ ಉದ್ದ ಆರ್‌ಎನ್‌ಎಯ ಜೀನು ಅಳಿಸಿಹೋಗಿ ತೀವ್ರ ನರದೋಷಕ್ಕೊಳಗಾದ ಮೂವರು ಮಕ್ಕಳ ವರದಿಯೂ ಬಂತು.

ಎಕ್ಸೋಮ್ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಜೀನಿನ ದೋಷವೇ ಇಲ್ಲವೆಂದು ಅರ್ಥವಲ್ಲ. ಪೂರ್ತಿ ಡಿಎನ್‌ಎ ಓದುವ ಪರೀಕ್ಷೆಯ ಬಗ್ಗೆ, ಹಳೆಯ ದತ್ತಾಂಶದ ಮರುಪರಿಶೀಲನೆಯ ಬಗ್ಗೆ ತಳಿತಜ್ಞರನ್ನು ಕೇಳುವ ಹಕ್ಕು ಹೆತ್ತವರಿಗಿದೆ. ಓದಿದ ಅಕ್ಷರಗಳಲ್ಲಿ ಯಾವುದು ದೋಷ, ಯಾವುದು ಜನರ ನಡುವಿನ ಸಹಜ ವ್ಯತ್ಯಾಸ ಎಂದು ಹೇಳಲು ನಮ್ಮದೇ ಜನರ ಡಿಎನ್‌ಎಯ ದಾಖಲೆ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಪೂರ್ತಿ ಡಿಎನ್‌ಎ ಓದಿದ್ದು ಇದಕ್ಕೆ ನೆರವಾಗಬಲ್ಲದು.

ಆರ್‌ಎನ್‌ಎ ಔಷಧಿಯೂ ಆಗಿದೆ. ಜೋಡಿಎಳೆಯ ಆರ್‌ಎನ್‌ಎ ತುಣುಕೊಂದನ್ನು ಕೋಶಕ್ಕೆ ಸೇರಿಸಿದರೆ ಅದಕ್ಕೆ ಹೊಂದುವ ಜೀನು ಮೌನವಾಗುತ್ತದೆ ಎಂದು ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ 1998ರಲ್ಲಿ ತೋರಿಸಿದರು. 2006ರಲ್ಲಿ ನೊಬೆಲ್ ಪಡೆದರು. ಈ ತತ್ತ್ವದ ಮೇಲೆ ಕಟ್ಟಿದ ಮೊದಲ ಔಷಧಿ ಪಟಿಸಿರಾನ್ 2018ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ನರಗಳನ್ನೂ ಹೃದಯವನ್ನೂ ಹಾಳುಗೆಡವುವ ಒಂದು ಆನುವಂಶಿಕ ಕಾಯಿಲೆಯಲ್ಲಿ ಕೆಟ್ಟ ಪ್ರೋಟೀನ್ ತಯಾರಾಗದಂತೆ ಅದು ಯಕೃತ್ತಿನಲ್ಲೇ ತಡೆಯುತ್ತದೆ. ಕೊಲೆಸ್ಟರಾಲ್ ಇಳಿಸುವ ಇನ್‌ಕ್ಲಿಸಿರಾನ್ ಕೂಡ ಇದೇ ಬಗೆಯದು. ಮೊದಲ ಎರಡು ಡೋಸುಗಳಾದ ಮೇಲೆ ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡರೆ ಸಾಕು.

ಆರ್‌ಎನ್‌ಎ ಔಷಧಿ ಸೋಲೂ ಕಂಡಿದೆ. ಕ್ಯಾನ್ಸರ್ ತಡೆಯುವ ಮಿರ್-34ರ ನಕಲನ್ನು ಗೆಡ್ಡೆಗಳಿಗೆ ತಲುಪಿಸುವ ಎಂಆರ್‌ಎಕ್ಸ್34 ಔಷಧಿಯ ಪರೀಕ್ಷೆ 2013ರಲ್ಲಿ ಶುರುವಾಗಿತ್ತು. ರೋಗಿಗಳಲ್ಲಿ ರೋಗನಿರೋಧಕ ವ್ಯವಸ್ಥೆ ವಿಪರೀತ ಕೆರಳಿ ಸಾವುಗಳಾದ್ದರಿಂದ 2016ರಲ್ಲಿ ಅದನ್ನು ನಿಲ್ಲಿಸಲಾಯಿತು. ಒಂದು ಮೈಕ್ರೋ ಆರ್‌ಎನ್‌ಎ ನೂರಾರು ಜೀನುಗಳನ್ನು ಮುಟ್ಟುತ್ತದೆ ಎಂಬ ಗುಣವೇ ಅದನ್ನು ಔಷಧಿಯಾಗಿಸಲು ತೊಡಕು. ಬೇಡದ ಕಡೆ ಅದು ಏನು ಮಾಡೀತು ಎಂದು ಮೊದಲೇ ಹೇಳುವುದು ಕಷ್ಟ. ಮಂಜೂರಾದ ಔಷಧಿಗಳು ಹೆಚ್ಚಾಗಿ ಒಂದೇ ಜೀನಿಗೆ ಗುರಿಯಿಟ್ಟವು. ಹೋಗಿ ತಲುಪುವುದೂ ಬಹುಪಾಲು ಯಕೃತ್ತಿಗೆ.

ಸದ್ಯ ವೈದ್ಯರು ಹೆಚ್ಚು ಭರವಸೆಯಿಂದ ನೋಡುತ್ತಿರುವ ಕಾಯಿಲೆಗಳಲ್ಲಿ ಏಂಜಲ್‌ಮನ್ ಸಿಂಡ್ರೋಮ್ ಒಂದು. ಸುಮಾರು 15,000 ಮಕ್ಕಳಲ್ಲಿ ಒಂದಕ್ಕೆ ಇದು ಬರುತ್ತದೆ. ಮಾತು ಬರುವುದಿಲ್ಲ, ನಡಿಗೆ ತಡವರಿಸುತ್ತದೆ, ಫಿಟ್ಸ್ ಮತ್ತು ನಿದ್ದೆಗೇಡು ಕಾಡುತ್ತವೆ. ತಾಯಿಯಿಂದ ಬಂದ ಯುಬಿಇ3ಎ ಎಂಬ ಜೀನು ಕೆಟ್ಟಿರುವುದು ಇದಕ್ಕೆ ಕಾರಣ. ತಂದೆಯಿಂದ ಬಂದ ಅದೇ ಜೀನು ಸಾಮಾನ್ಯವಾಗಿ ಗಟ್ಟಿಮುಟ್ಟಾಗಿಯೇ ಇರುತ್ತದೆ. ಆದರೆ ನರಕೋಶಗಳಲ್ಲಿ ಅದನ್ನು ಒಂದು ಉದ್ದ ಆರ್‌ಎನ್‌ಎ ಮೌನವಾಗಿಟ್ಟಿರುತ್ತದೆ. ಆ ಉದ್ದ ಆರ್‌ಎನ್‌ಎಯನ್ನು ಕಡಿದುಹಾಕುವ ಪುಟ್ಟ ಎಳೆಯೊಂದನ್ನು ಇಲಿಗಳಿಗೆ ಕೊಟ್ಟಾಗ ತಂದೆಯ ಜೀನು ಎಚ್ಚೆತ್ತಿತೆಂದು 2015ರಲ್ಲಿ ಪ್ರಕಟವಾಯಿತು. ಈಗ ಅಂಥ ಎಳೆಗಳನ್ನು ಮಕ್ಕಳ ಬೆನ್ನುಹುರಿಯ ದ್ರವಕ್ಕೆ ಚುಚ್ಚಿ ನೋಡುವ ಪರೀಕ್ಷೆಗಳು ಮೂರನೆಯ, ನಿರ್ಣಾಯಕ ಹಂತಕ್ಕೆ ಬಂದಿವೆ. ಮಗು ಸುತ್ತಲಿನವರಿಗೆ ತನ್ನ ಬೇಕುಬೇಡಗಳನ್ನು ತಿಳಿಸುವಲ್ಲಿ ಎಷ್ಟು ಮುಂದೆ ಬರುತ್ತದೆ, ಅರ್ಥಮಾಡಿಕೊಳ್ಳುವ ಶಕ್ತಿ ಎಷ್ಟು ಹೆಚ್ಚುತ್ತದೆ ಎಂಬುದನ್ನು ಈ ಪರೀಕ್ಷೆಗಳು ಅಳೆಯುತ್ತಿವೆ.